ಆಟದ ಅಭಿಮಾನ

ಆಟವನ್ನು ಆಡುವವರು ಕೆಲವೇ ಮಂದಿ. ಆಡದೆಯೇ ಗೆಲ್ಲುವವರೂ ಸೋಲುವವರೂ ಸಹಸ್ರಾರು ಮಂದಿ. ಕಬಡ್ಡಿಯಲ್ಲಿ ಒಂದು ಪಕ್ಷಕ್ಕೆ ಏಳು ಜನ, ವಾಲಿಬಾಲಿನಲ್ಲಿ ಆರು, ಕ್ರಿಕೆಟ್ಟಿನಲ್ಲಿ ಹನ್ನೊಂದು ಎಂದು ನಿಯಮ ಹೇಳುತ್ತದೆ. ಆದರೆ ಪಂದ್ಯ ನಡೆಯುವಾಗ ಅಂಗಳದ ಹೊರಗೆ, ಮನೆಯ ಪಡಸಾಲೆಯಲ್ಲಿ, ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತು ಆಡುವವರಿಗೆ ಲೆಕ್ಕವಿಲ್ಲ. ಅವರಿಗೆ ದಣಿವಿಲ್ಲವೆಂದು ತಿಳಿಯಬಾರದು. ಎಷ್ಟೋ ವೇಳೆ ಆಟಗಾರರಿಗಿಂತ ಹೆಚ್ಚಾಗಿ ಬೆವರುವವರು ಅವರೇ. ಹೀಗೆ ಬೆವರಿಸುವ ಶಕ್ತಿಗೆ ಅಭಿಮಾನವೆಂದು ಹೆಸರು. ಅದು ರಕ್ತಸಂಬಂಧವಿಲ್ಲದೆ ಬೆಳೆಯುವ ಒಂದು ಬಗೆಯ ನಂಟಸ್ತಿಕೆ. ನಂಟಸ್ತಿಕೆಯಲ್ಲಿರುವ ಪ್ರೀತಿ, ಹಟ, ಮುನಿಸು, ನಗೆಗಳೆಲ್ಲವೂ ಅದರಲ್ಲಿ ಉಂಟು.

ಈ ನಂಟು ಬೆಳೆಯಲು ಮಹಾನಗರವೇ ಬೇಕೆಂದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯನ್ನು ನೋಡಬಹುದು. ಒಂದು ಕಡೆ ದಟ್ಟವಾದ ಕಾಡು, ಇನ್ನೊಂದು ಕಡೆ ಭದ್ರಾ ಜಲಾಶಯ. ಮುಂಗಾರಿನ ದಿನಗಳಲ್ಲಿ ಅಲ್ಲಿ ‘ಎಷ್ಟಾಯಿತು?’ ಎಂದು ಯಾರಾದರೂ ಕೇಳಿದರೆ ಅದು ಅಣೆಕಟ್ಟಿನ ನೀರಿನ ಮಟ್ಟವನ್ನು ಕುರಿತ ಪ್ರಶ್ನೆ. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಅಚ್ಚುಕಟ್ಟಿನ ರೈತನ ಬದುಕು ಆ ಅಂಕಿಯನ್ನೇ ನೆಚ್ಚಿಕೊಂಡಿದೆ. ಕ್ರಿಕೆಟ್ಟಿನ ದಿನಗಳಲ್ಲಿ ಅದೇ ಪ್ರಶ್ನೆಗೆ ಓಟಗಳ ಲೆಕ್ಕವೇ ಉತ್ತರ. ಎರಡು ಕಾಲಗಳೂ ಕೂಡಿಬಂದಾಗ, ಕೇಳಿದವರು ಒಂದನ್ನೂ ಹೇಳಿದವರು ಇನ್ನೊಂದನ್ನೂ ಮನಸ್ಸಿನಲ್ಲಿಟ್ಟುಕೊಂಡು ಗಾಬರಿಯಾಗುವುದು ಅಸಂಭವವೇನಲ್ಲ.

ಲಕ್ಕವಳ್ಳಿಯ ಅಣೆಕಟ್ಟಿನಿಂದ ಇಳಿದ ಭದ್ರೆ ಮುಂದೆ ಭದ್ರಾವತಿಯನ್ನು ಹಾದುಹೋಗುತ್ತಾಳೆ. ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಆ ಊರಿನಲ್ಲಿ 1949ರ ಫೆಬ್ರವರಿಯಲ್ಲಿ ಗುಂಡಪ್ಪ ವಿಶ್ವನಾಥ್ ಜನಿಸಿದರು. ಅವರು ಆಟ ಕಲಿತು ಬೆಳೆದದ್ದು ಬೆಂಗಳೂರಿನಲ್ಲಿ. ಆದರೆ ನಂಟು ಹೇಳಿಕೊಳ್ಳಲು ಅಷ್ಟು ವಿವರವೇಕೆ? ಒಂದೇ ಹೊಳೆಯ ನೀರು ಕುಡಿದವರೆಂಬುದೇ ಸಾಕು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನಾಡಿದ ವಿಶ್ವನಾಥ್ ಮೊದಲ ಸರದಿಯಲ್ಲಿ ಸೊನ್ನೆಗೆ ಮರಳಿದರು. ಎರಡನೆಯ ಸರದಿಯಲ್ಲಿ 137 ಓಟಗಳನ್ನು ಗಳಿಸಿದರು. ಸೊನ್ನೆಯ ದಿನ ‘ಬೆಂಗಳೂರಿನ ಹುಡುಗ’ನಾಗಿದ್ದವನು ಶತಕದ ದಿನ ‘ನಮ್ಮ ಭದ್ರಾವತಿಯ ಹುಡುಗ’ನಾಗುವುದು ಅಭಿಮಾನದ ಸಹಜ ಲಕ್ಷಣ.

ಆ ಕಾಲದಲ್ಲಿ ಆಟವನ್ನು ಮನೆಗೆ ತಂದದ್ದು ರೇಡಿಯೋ. ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ 1965ರಲ್ಲೇ ಆರಂಭವಾಗಿತ್ತು. ಟೆಸ್ಟ್ ಪಂದ್ಯಗಳ ವೀಕ್ಷಕ ವಿವರಣೆ ಇಂಗ್ಲಿಷ್ ಮತ್ತು ಹಿಂದಿ ಭಾಷೆಗಳಲ್ಲಿ ಬರುತ್ತಿತ್ತು. ಎರಡೂ ತಿಳಿಯದವರಿಗೂ ಅದರಿಂದ ಕೊರತೆಯೇನೂ ಆಗಲಿಲ್ಲ. ಜನರ ಕೂಗು ಯಾವ ಭಾಷೆಯದಾದರೂ ಅರ್ಥ ಒಂದೇ ತಾನೆ! ಪಂದ್ಯದ ದಿನ ಮನೆಯ ಶಿಸ್ತೇ ಬದಲಾಗುತ್ತಿತ್ತು. ಟ್ರಾನ್ಸಿಸ್ಟರಿನ ಸೆಲ್ಲುಗಳು ಸೋತಾಗ ಟಾರ್ಚಿನ ಸೆಲ್ಲುಗಳು ಅದರೊಳಗೆ ಸೇರುತ್ತಿದ್ದವು. ರಾತ್ರಿ ಹಿತ್ತಲಿಗೆ ಹೊರಟ ಯಜಮಾನರು ಬೆಳಕಿಲ್ಲದ ಟಾರ್ಚನ್ನು ಹಿಡಿದು ಎಡವುತ್ತಿದ್ದರು. ಒಲೆಯ ಮುಂದಿದ್ದವರ ಕಿವಿ ಪಡಸಾಲೆಯಲ್ಲಿದ್ದರೆ ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು. ಕೇಳುವವರಿಗೂ ಆಟದ ಮೇಲೆಯೇ ಗಮನವಿದ್ದುದರಿಂದ ಅದು ಹಾಗೆಯೇ ಖರ್ಚಾಗುತ್ತಿತ್ತು. ಇನ್ನು ಮನೆಯ ಅಜ್ಜಿಗೆ ಓಟ ತಿಳಿಯದು, ವಿಕೆಟ್ಟು ತಿಳಿಯದು. ಭೋಜನ ವಿರಾಮವೆಂದು ಯಾರಾದರೂ ಹೇಳಿದರೆ, ‘ಆ ಕುಳ್ಳ ಹುಡುಗ ಹೊಟ್ಟೆತುಂಬ ಉಂಡನೇನೋ?’ ಎಂಬುದೊಂದೇ ಆಕೆಯ ಚಿಂತೆ. ಮನೆಮಂದಿಯೆಲ್ಲ ನಗುತ್ತಿದ್ದರು. ಆದರೆ ಆಟಗಾರನನ್ನು ಅಂಕಿಯಾಗಿ ಕಾಣದೆ ಮನುಷ್ಯನಾಗಿ ಕಂಡವಳು ಆಕೆಯೊಬ್ಬಳೇ ಎಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ.

ಅಭಿಮಾನದ ಜೊತೆಯಲ್ಲೇ ಕೆಲವು ನಂಬಿಕೆಗಳೂ ಮನೆಯನ್ನು ಹೊಗುತ್ತವೆ. ಒಬ್ಬನು ಕುರ್ಚಿಯಿಂದ ಎದ್ದಾಗ ವಿಕೆಟ್ ಬಿದ್ದಿತೆನ್ನೋಣ. ಅಂದಿನಿಂದ ಅವನು ಏಳುವಂತಿಲ್ಲ, ನೀರು ಬೇಕಾದರೂ ತಂಗಿಯೇ ತಂದುಕೊಡಬೇಕು. ಇದಕ್ಕೆ ಕಾರಣವಿಷ್ಟೆ: ಫಲ ತನ್ನ ಕೈಯಲ್ಲಿಲ್ಲದಾಗ ಮನಸ್ಸು ಕಳವಳಗೊಂಡು ಏನನ್ನಾದರೂ ಹಿಡಿದುಕೊಳ್ಳಲು ಹವಣಿಸುತ್ತದೆ. ಎದ್ದಾಗ ವಿಕೆಟ್ ಬಿದ್ದ ಒಂದು ಸಲವನ್ನು ಅದು ನೆನಪಿಡುತ್ತದೆ. ಎದ್ದಾಗ ಏನೂ ಆಗದ ಹತ್ತು ಸಲವನ್ನು ಮರೆಯುತ್ತದೆ. ದೂರದ ಮೈದಾನದಲ್ಲಿ ಚೆಂಡೆಸೆಯುವವನಿಗೆ ಈ ಕುರ್ಚಿಯ ಸಂಗತಿ ಗೊತ್ತೇ ಇರುವುದಿಲ್ಲ.

ಮನೆಯೊಳಗೆ ಪಕ್ಷಗಳು ಹುಟ್ಟುವುದೂ ಉಂಟು. ಅಣ್ಣ ಸುನಿಲ್ ಗಾವಸ್ಕರರ ಕಡೆ, ತಮ್ಮ ವಿಶ್ವನಾಥರ ಕಡೆ. ಯಾರು ಹೆಚ್ಚೆಂಬ ವಾದದಲ್ಲಿ ಊಟದ ತಟ್ಟೆ ಆರಿಹೋಗುತ್ತಿತ್ತು. ಅತ್ತ ಆ ಇಬ್ಬರು ಆಟಗಾರರಾದರೋ ಆಪ್ತಮಿತ್ರರು. ವಿಶ್ವನಾಥರು ಗಾವಸ್ಕರರ ತಂಗಿಯನ್ನೇ ವಿವಾಹವಾದರು. ಗಾವಸ್ಕರರು ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು. ರೋಹನ್ ಕನ್ಹಾಯ್, ಜಯಸಿಂಹ, ವಿಶ್ವನಾಥ್ ಎಂಬ ಮೂವರು ಆಟಗಾರರು ಆ ಒಂದು ಹೆಸರಿನಲ್ಲಿ ಕೂಡಿದ್ದಾರೆ. ಯಾರ ಹೆಸರಿನಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರೋ ಅವರೇ ಭಾವಮೈದುನರಾಗಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು! ಸ್ಪರ್ಧೆ ಬೇರೆ, ದ್ವೇಷ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಅಭಿಮಾನ ಒಂದು ನಾಡನ್ನೇ ಒಂದು ಮನೆಯಾಗಿಸಬಲ್ಲುದು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆಂಬ ಹೆಸರನ್ನು ತಳೆಯಿತು. ಅದೇ ಋತುವಿನ ರಣಜಿ ಪಂದ್ಯಾವಳಿಯ ಉಪಾಂತ್ಯ ಪಂದ್ಯ 1974ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಎದುರಾಳಿಯಾದ ಬೊಂಬಾಯಿ ಸತತವಾಗಿ 15 ವರ್ಷ ಪ್ರಶಸ್ತಿಯನ್ನು ಬಿಟ್ಟುಕೊಡದಿದ್ದ ತಂಡ. ಎರಪಳ್ಳಿ ಪ್ರಸನ್ನರ ನಾಯಕತ್ವದ ಕರ್ನಾಟಕ 385 ಓಟಗಳನ್ನು ಗಳಿಸಿತು. ಅದರಲ್ಲಿ ವಿಶ್ವನಾಥರದು 162, ಬ್ರಿಜೇಶ್ ಪಟೇಲರದು 106. ಬೊಂಬಾಯಿ 307ಕ್ಕೆ ನಿಂತಿತು. ಮೊದಲ ಸರದಿಯ ಮುನ್ನಡೆಯಿಂದ ಮುಂದೆ ಸಾಗಿದ ಕರ್ನಾಟಕ, ಜೈಪುರದ ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊತ್ತಮೊದಲ ಬಾರಿಗೆ ರಣಜಿ ಪ್ರಶಸ್ತಿಯನ್ನು ಪಡೆಯಿತು. ಬ್ಯಾಟನ್ನು ಕೈಯಲ್ಲಿ ಹಿಡಿಯದವರೂ ಅಂದು ‘ನಾವು ಗೆದ್ದೆವು’ ಎಂದರು.

ಈ ‘ನಾವು’ ಎಂಬ ಸರ್ವನಾಮ ವಿಚಾರಯೋಗ್ಯವಾದುದು. ಗೆದ್ದ ದಿನ ಅಭಿಮಾನಿಯು ಉತ್ತಮ ಪುರುಷದಲ್ಲಿ ಮಾತನಾಡುತ್ತಾನೆ: ‘ನಾವು ಗೆದ್ದೆವು.’ ಸೋತ ದಿನ ಅವನ ವ್ಯಾಕರಣ ಪ್ರಥಮ ಪುರುಷಕ್ಕೆ ತಿರುಗುತ್ತದೆ: ‘ಅವರು ಸೋತರು.’ ಇದು ಕನ್ನಡಿಗರೊಬ್ಬರ ಗುಣವಲ್ಲ. 1976ರಲ್ಲಿ ರಾಬರ್ಟ್ ಚಾಲ್ಡಿನಿ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ತಮ್ಮ ತಂಡ ಗೆದ್ದ ಮೇಲೆ ವಿದ್ಯಾರ್ಥಿಗಳು ಅದರ ಚಿಹ್ನೆಯುಳ್ಳ ಉಡುಪನ್ನು ಹೆಚ್ಚಾಗಿ ಧರಿಸಿ ಬರುತ್ತಿದ್ದರು. ಗೆಲುವನ್ನು ವರ್ಣಿಸುವಾಗ ‘ನಾವು’ ಎಂಬ ಮಾತು ಹೆಚ್ಚಾಗಿಯೂ ಸೋಲನ್ನು ವರ್ಣಿಸುವಾಗ ಕಡಿಮೆಯಾಗಿಯೂ ಕೇಳಿಬರುತ್ತಿತ್ತು. ಗೆದ್ದೆತ್ತಿನ ಬಾಲ ಹಿಡಿಯುವುದೆಂದು ನಮ್ಮ ಹಿರಿಯರು ಆಡಿದ ಮಾತಿಗೆ ಇದೊಂದು ಶಾಸ್ತ್ರೀಯ ಸಮರ್ಥನೆ.

ಆದರೂ ಸೋಲಿನಲ್ಲಿ ಕೈಬಿಡದ ಅಭಿಮಾನವೂ ಉಂಟು. 2008ರಲ್ಲಿ ಐ.ಪಿ.ಎಲ್. ಪಂದ್ಯಾವಳಿ ಆರಂಭವಾದಂದಿನಿಂದ ಬೆಂಗಳೂರಿನ ತಂಡದ ಅಭಿಮಾನಿಗಳು ಕಾಯುತ್ತ ಬಂದರು. 2009, 2011, 2016ರ ಅಂತಿಮ ಪಂದ್ಯಗಳಲ್ಲಿ ಸೋಲೇ ದೊರೆಯಿತು. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ವರ್ಷವರ್ಷವೂ ಮೊಳಗಿ, ವರ್ಷವರ್ಷವೂ ನಗೆಗೆ ವಸ್ತುವಾಯಿತು. ಕಪ್ಪುಗಳು ಅಡುಗೆಮನೆಯಲ್ಲಿ ತೊಳೆಯದೆ ಬಿದ್ದಿವೆ, ಬೇಕಾದರೆ ಅವುಗಳನ್ನು ನಿಮ್ಮದಾಗಿಸಿಕೊಳ್ಳಿ ಎಂದು ತಾಯಂದಿರು ಹಾಸ್ಯ ಮಾಡಿದರೆ ಆಶ್ಚರ್ಯವಿಲ್ಲ. 2024ರಲ್ಲಿ ಬೆಂಗಳೂರಿನ ಮಹಿಳೆಯರ ತಂಡವೇ ಮೊದಲು ಪ್ರಶಸ್ತಿಯನ್ನು ಗೆದ್ದು ಆ ಹಾಸ್ಯಕ್ಕೆ ಉತ್ತರ ಕೊಟ್ಟಿತು. 2025ರ ಜೂನ್ 3ರಂದು ಪುರುಷರ ತಂಡವೂ ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ಓಟಗಳಿಂದ ಸೋಲಿಸಿತು.

ಆದರೆ ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವಕ್ಕೆಂದು ನೆರೆದ ಅಪಾರ ಜನಸಂದಣಿಯಲ್ಲಿ ನೂಕುನುಗ್ಗಲಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಸಂತೋಷಪಡಲು ಮನೆಯಿಂದ ಹೊರಟವರು ಮನೆಗೆ ಮರಳಲಿಲ್ಲ. ಹಿಂದಿನವರಿಗೆ ಮುಂದಿನವರ ಅವಸ್ಥೆ ಕಾಣದ ಇಕ್ಕಟ್ಟಿನಲ್ಲಿ ಯಾರೊಬ್ಬರೂ ಕೇಡನ್ನು ಬಯಸದಿದ್ದರೂ ಕೇಡು ಸಂಭವಿಸುತ್ತದೆ. ವ್ಯವಸ್ಥೆ ಮಾಡುವವರ ಹೊಣೆ ಅಲ್ಲಿ ದೊಡ್ಡದು. ಗುಂಪಿನಲ್ಲಿ ಹಿಂದಕ್ಕೆ ಸರಿಯುವ ವಿವೇಕವೂ ಅಷ್ಟೇ ಅವಶ್ಯಕ. ಸೋಲು ಅಭಿಮಾನವನ್ನು ಕೆಡಿಸುವ ಬಗೆ ಬೇರೆ. 1996ರ ವಿಶ್ವಕಪ್ ಉಪಾಂತ್ಯ ಪಂದ್ಯದಲ್ಲಿ ಭಾರತ ಸೋಲುವುದನ್ನು ಕಂಡ ಕಲ್ಕತ್ತೆಯ ಪ್ರೇಕ್ಷಕರು ಮೈದಾನಕ್ಕೆ ಬಾಟಲಿಗಳನ್ನೆಸೆದು ಬೆಂಕಿ ಹಚ್ಚಿದ್ದರಿಂದ ಆಟ ನಿಂತು, ವಿಜಯವನ್ನು ಶ್ರೀಲಂಕೆಗೆ ಕೊಡಬೇಕಾಯಿತು.

ಇದಕ್ಕೆ ಪ್ರತಿಯಾಗಿ ಅನುಕರಣೀಯವಾದ ದೃಷ್ಟಾಂತಗಳೂ ಇವೆ. 1980ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ ನಡೆಯಿತು. ಭಾರತದ ನಾಯಕರು ವಿಶ್ವನಾಥ್. ಇಂಗ್ಲೆಂಡ್ 58 ಓಟಗಳಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸುತ್ತಿದ್ದ ಮೇಲೆ ಬಾಬ್ ಟೇಲರ್ ಔಟೆಂದು ತೀರ್ಪುಗಾರರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥರು ಟೇಲರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬೋಥಮ್ ಕೂಡಿ 171 ಓಟಗಳನ್ನು ಸೇರಿಸಿದರು. ಭಾರತ 10 ವಿಕೆಟ್ಟುಗಳಿಂದ ಸೋತಿತು. ಪಂದ್ಯ ಕೈಬಿಟ್ಟಿತು, ಹೆಸರು ಉಳಿಯಿತು. 1999ರ ಜನವರಿಯಲ್ಲಿ ಚೆನ್ನೈಯಲ್ಲಿ ಪಾಕಿಸ್ತಾನ 12 ಓಟಗಳಿಂದ ಭಾರತವನ್ನು ಮಣಿಸಿದಾಗ, ದುಃಖದಲ್ಲಿದ್ದ ಪ್ರೇಕ್ಷಕರೇ ಎದ್ದುನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ಆ ದಿನ ಆಡದವರೂ ಗೆದ್ದರು.

ಹೆತ್ತವರಿಗೆ ಹೆಗ್ಗಣ ಮುದ್ದೆಂಬುದು ಗಾದೆ. ಆದರೆ ಪರೀಕ್ಷೆಯಲ್ಲಿ ನಪಾಸಾದ ಮಗನನ್ನು ತಾಯಿ ಮನೆಯಿಂದ ಹೊರದೂಡುವುದಿಲ್ಲ. ಅವನಿಗಿಂತ ಹೆಚ್ಚು ಅಂಕ ಪಡೆದ ನೆರೆಮನೆಯ ಹುಡುಗನ ಮೇಲೆ ಕಲ್ಲೆಸೆಯುವುದೂ ಇಲ್ಲ. ಆಟದ ಅಭಿಮಾನವೂ ನಂಟಸ್ತಿಕೆಯೇ ಆಗಿದ್ದರೆ ಅದಕ್ಕೂ ಮನೆಯ ಈ ನೀತಿಯೇ ಸಲ್ಲಬೇಕು. ‘ನಾವು ಗೆದ್ದೆವು’ ಎನ್ನಲು ಯಾವ ಶ್ರಮವೂ ಬೇಡ. ‘ನಾವು ಸೋತೆವು, ಅವರು ಚೆನ್ನಾಗಿ ಆಡಿದರು’ ಎಂದು ನಗುಮುಖದಿಂದ ಹೇಳಬಲ್ಲವನೇ ನಿಜವಾದ ಅಭಿಮಾನಿ.