ಕೈಮರದಿಂದ ಮೋರಿಯವರೆಗೆ

ರಾಜ್ಯ ಹೆದ್ದಾರಿಯ ಕೈಮರದ ಬಳಿ ಬಸ್ಸಿಳಿದಾಗ ಸಂಜೆ ಐದೂವರೆ. ಊರು ಇನ್ನೂ ಮೂರು ಕಿಲೋಮೀಟರ್. ನಡೆದೇ ಹೊರಟೆ. ಹೆದ್ದಾರಿಯ ಕಲ್ಲಿಗೆ ಹಸಿರು ತಲೆ, ಒಳರಸ್ತೆಯ ಮೊದಲ ಕಲ್ಲಿಗೆ ಕಿತ್ತಳೆ ತಲೆ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗೆ ಅದೇ ಗುರುತು.

ಇಂಥ ರಸ್ತೆಯ ಡಾಂಬರು ಸಾಮಾನ್ಯವಾಗಿ 3.75 ಮೀಟರ್ ಅಗಲ. ಎದುರಿಗೆ ಟ್ರ್ಯಾಕ್ಟರ್ ಬಂದಾಗ ನಾನೂ ಒಬ್ಬ ಬೈಕ್ ಸವಾರನೂ ಮಣ್ಣಿಗಿಳಿದೆವು. ಮಳೆಗೆ ಅಂಚಿನ ಮಣ್ಣು ಕೊಚ್ಚಿಹೋಗಿ ಡಾಂಬರು ಅರ್ಧ ಗೇಣು ಎತ್ತರಕ್ಕೆ ಉಳಿದಿದೆ. ಚಕ್ರ ಅಲ್ಲಿ ಜಾರಿತು. ಸವಾರ ಕಾಲೂರಿ ಸಾವರಿಸಿಕೊಂಡ.

ಅರ್ಧ ಕಿಲೋಮೀಟರ್ ದಾಟಿದ ಮೇಲೆ ಲಂಟಾನದ ಪೊದೆಯೊಳಗೆ ಒಂದು ಕಂಬ ಕಂಡಿತು. ಕೊಂಬೆ ಸರಿಸಿದೆ: ಕೆಂಪಂಚಿನ ತ್ರಿಕೋನ, ನಡುವೆ ಎಡಕ್ಕೆ ಬಾಗಿದ ಬಾಣ. ತ್ರಿಕೋನವೆಂದರೆ ಎಚ್ಚರಿಕೆ. ಕೆಂಪು ಬಿಸಿಲಿಗೆ ಬಿಳಚಿಕೊಂಡಿದೆ. ಬೋರ್ಡೇನೋ ಇದೆ, ಕಾಣುವುದಿಲ್ಲ ಅಷ್ಟೆ. ಒಂದು ಮಚ್ಚು, ಹತ್ತು ನಿಮಿಷ ಸಾಕು.

ತಿರುವಿನಾಚೆ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿ, ಗಾಡಿ ಹತ್ತದಿರಲೆಂದು ಸುತ್ತ ಕಲ್ಲಿಟ್ಟಿದ್ದರು. ಇನ್ನಷ್ಟು ಮುಂದೆ ಜೋಳ ಬಾಚಿಕೊಂಡು ಹೋಗಿದ್ದಾರೆ. ಕಲ್ಲುಗಳು ಹಾಗೇ ಉಳಿದಿವೆ, ಒಂದೊಂದೂ ತೆಂಗಿನಕಾಯಿ ಗಾತ್ರ. ಕೈಲಾದಷ್ಟನ್ನು ಬದಿಗಿಟ್ಟೆ.

ಶಾಲೆಯ ಮುಂದೆ ಒಂದು ಹಂಪ್. ನಿಯಮದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಇದು ಒಂದೇ ಹೆಜ್ಜೆಯಗಲ, ಅಡ್ಡ ಮಲಗಿಸಿದ ದಿಮ್ಮಿಯಂತಿದೆ. ಬಣ್ಣವಿಲ್ಲ, ಬೋರ್ಡಿಲ್ಲ. ಯಾರು ಹಾಕಿಸಿದರೋ ಗೊತ್ತಾಗಲಿಲ್ಲ. ಮಕ್ಕಳ ಮೇಲಿನ ಕಾಳಜಿಯಿಂದಲೇ ಹಾಕಿಸಿರಬೇಕು. ಆದರೆ ಕತ್ತಲಲ್ಲಿ ಬರುವ ಬೈಕಿಗೆ ಅದೇ ಅಪಾಯ.

ಪಕ್ಕದ ಜಗಲಿಯಲ್ಲಿ ಕೂತಿದ್ದ ಹಿರಿಯರನ್ನು ಮಾತಾಡಿಸಿದೆ. "ನಮಗ್ಯಾಕೆ ಸ್ವಾಮಿ ಬೋರ್ಡು? ಕಣ್ಣು ಮುಚ್ಕೊಂಡೂ ಓಡಾಡ್ತೀವಿ" ಅಂದರು. ಅವರ ಮಾತು ನಿಜ. ಆದರೆ ಮದುವೆಗೆ ಬರುವ ನೆಂಟರಿಗೆ, ನಡುರಾತ್ರಿ ಬರುವ ಆಂಬುಲೆನ್ಸ್ ಚಾಲಕನಿಗೆ ಈ ರಸ್ತೆ ಬಾಯಿಪಾಠವಾಗಿಲ್ಲ. ಬೋರ್ಡು ಬೇಕಿರುವುದು ಅವರಿಗೆ.

ಮೋರಿ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಒಂದು ಬದಿಯ ಕಟ್ಟೆ ಕುಸಿದಿದೆ. ಮೊಬೈಲ್ ಬೆಳಕು ಬಿಟ್ಟಾಗ ಇನ್ನೊಂದು ಕಟ್ಟೆಯ ಮೂಲೆಯಲ್ಲಿ ಎರಡು ಕೆಂಪು ಚುಕ್ಕಿಗಳು ಹೊಳೆದವು. ರೇಡಿಯಂ ಸ್ಟಿಕ್ಕರಿನ ತುಂಡುಗಳು, ಕತ್ತರಿಯಲ್ಲಿ ಕತ್ತರಿಸಿದವು. ಯಾರದೋ ಟ್ರೇಲರಿಗೆ ಅಂಟಿಸಿ ಮಿಕ್ಕಿದ್ದಿರಬಹುದು. ಕುಸಿದ ಬದಿಯಲ್ಲಿ ಅಂಟಿಸಲು ಕಟ್ಟೆಯೇ ಇಲ್ಲ. ಅಲ್ಲೊಂದು ಹೊಂಗೆಯ ಕೋಲು ನೆಟ್ಟು, ತುದಿಗೆ ಬಿಳಿ ಬಟ್ಟೆ ಕಟ್ಟಿದ್ದರು.