ಕಡಲಿನ ತಳ ಎಲ್ಲಿದೆ?

ನವ ಮಂಗಳೂರು ಬಂದರು ನಿಸರ್ಗ ಕೊಟ್ಟ ಬಂದರಲ್ಲ. ಗುರುಪುರ ನದಿಯ ಅಳಿವೆಯಿಂದ ಉತ್ತರಕ್ಕೆ, ಪಣಂಬೂರಿನಲ್ಲಿ, ದಡವನ್ನೇ ಒಳಕ್ಕೆ ಅಗೆದು ಮಾಡಿದ ಕೊಳ ಅದು. 1974ರ ಮೇ ತಿಂಗಳಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಯಿತು; ಮುಂದಿನ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅರಬ್ಬಿ ಕಡಲಿನಿಂದ ಆ ಕೊಳದೊಳಗೆ ಹಡಗು ಬರಬೇಕೆಂದರೆ ದಾರಿ ಬೇಕಲ್ಲ? ಅದಕ್ಕಾಗಿ ಕಡಲ ತಳದಲ್ಲಿ ಸುಮಾರು ಏಳೂವರೆ ಕಿಲೋಮೀಟರ್ ಉದ್ದದ, 245 ಮೀಟರ್ ಅಗಲದ ಕಾಲುವೆ ಕೊರೆದಿದ್ದಾರೆ. ಹೊರಭಾಗದಲ್ಲಿ ಅದರ ಆಳ 15 ಮೀಟರಿಗೂ ತುಸು ಹೆಚ್ಚು. ಮೇಲಿನಿಂದ ನೋಡಿದವರಿಗೆ ಎರಡು ಸಾಲು ಬೋಯಾಗಳಷ್ಟೇ ಕಾಣುತ್ತವೆ.

ಕೊರೆದದ್ದು ಕೊರೆದ ಹಾಗೆ ಉಳಿಯುವುದಿಲ್ಲ. ಜೂನ್‌ನಲ್ಲಿ ಮಳೆಗಾಲದ ಅಲೆಗಳು ಎದ್ದವೆಂದರೆ ಆಚೀಚೆಯ ಕೆಸರು ಕದಡುತ್ತದೆ. ಸುತ್ತಲಿಗಿಂತ ತಗ್ಗಾದ ಜಾಗ ಕಾಲುವೆಯೇ ಆದ್ದರಿಂದ ಅದು ಅಲ್ಲಿಗೇ ಬಂದು ಕೂರುತ್ತದೆ. ಮಳೆ ಹಿಂದೆ ಸರಿದ ಮೇಲೆ ಡ್ರೆಜರ್ ಬಂದು ಹೂಳೆತ್ತಬೇಕು. ಪ್ರತಿ ವರ್ಷದ ಪಾಡು ಇದು. ಯಂತ್ರ ನಡೆಸುವವರು ಬೇರೆ ಇರುತ್ತಾರೆ. ಡ್ರೆಜಿಂಗ್ ಎಂಜಿನಿಯರ್‌ನ ತಲೆ ತಿನ್ನುವುದು ಮಕ್ಕಳು ಕೇಳುವಂಥ ಒಂದು ಪ್ರಶ್ನೆ. ತಳ ಇರುವುದು ಎಲ್ಲಿ?

ಹಿಂದೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಡುತ್ತಿದ್ದರು. ಗುಂಡು ನಿಂತಲ್ಲಿ ತಳ. ಈಗ ದೋಣಿಯ ಅಡಿಯಿಂದ ಶಬ್ದದ ಮಿಡಿತ ಕಳಿಸಿ, ಅದು ತಳಕ್ಕೆ ಬಡಿದು ಮರಳಿ ಬರುವ ಹೊತ್ತನ್ನು ಅಳೆಯುತ್ತಾರೆ. ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 15 ಮೀಟರ್ ಆಳವಿದ್ದರೆ ಹೋಗಿ ಬರಲು ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಆದರೆ ಈ ವೇಗ ಎಲ್ಲ ಕಡೆ ಒಂದೇ ಅಲ್ಲ. ನೀರು ಬೆಚ್ಚಗಾದಷ್ಟೂ, ಉಪ್ಪಾದಷ್ಟೂ ಶಬ್ದ ಬೇಗ ಓಡುತ್ತದೆ. ನಮ್ಮ ಕರಾವಳಿಯ ಬೆಚ್ಚನೆಯ ಉಪ್ಪುನೀರಿಗೂ ಅಷ್ಟೇ ಬಿಸಿಯಿರುವ ಸಿಹಿನೀರಿಗೂ ಸೆಕೆಂಡಿಗೆ 30 ಮೀಟರಿಗೂ ಮಿಕ್ಕಿದ ವ್ಯತ್ಯಾಸವಿದೆ, ಎಂದರೆ ನೂರಕ್ಕೆ ಎರಡರಷ್ಟು. ನದಿ ತುಂಬಿ ಹರಿದು ಕಡಲ ಮೇಲೆ ಸಿಹಿನೀರಿನ ಪದರ ಹಾಸಿರುವಾಗ, ಅಳೆಯುವವನು ವೇಗವನ್ನು ತಿದ್ದಿಕೊಳ್ಳದೆ ಹೊರಟರೆ ಆಳವೇ ತಪ್ಪುತ್ತದೆ. ಹಾಗಾಗಿ ಸರ್ವೆ ಶುರುವಾಗುವ ಮುನ್ನ ಒಂದು ತಟ್ಟೆಯನ್ನು ಗೊತ್ತಿರುವ ಆಳಕ್ಕೆ ಇಳಿಸಿ, ಉಪಕರಣ ಅಷ್ಟೇ ಆಳ ತೋರಿಸುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಭರತ, ಇಳಿತಗಳ ಲೆಕ್ಕ ಬೇರೆ. ಅಲೆಯ ಮೇಲೆ ದೋಣಿ ಏರಿಳಿಯುವುದನ್ನೂ ಕಳೆಯಬೇಕು.

ಇಷ್ಟೆಲ್ಲ ಏಕೆ ಎಂದರೆ, ಆ ಕಾಲುವೆಯ ವಿಸ್ತೀರ್ಣ 18 ಲಕ್ಷ ಚದರ ಮೀಟರಿಗಿಂತ ಹೆಚ್ಚು. ಅಳತೆ ಎಲ್ಲೆಡೆ ಹತ್ತೇ ಸೆಂಟಿಮೀಟರ್ ತಪ್ಪಿದರೂ ಹೂಳಿನ ಲೆಕ್ಕ 1.8 ಲಕ್ಷ ಘನ ಮೀಟರ್ ತಪ್ಪುತ್ತದೆ. ಗುತ್ತಿಗೆದಾರನಿಗೆ ಹಣ ಸಿಗುವುದು ಘನ ಮೀಟರಿನ ಲೆಕ್ಕದಲ್ಲಿ. ಡ್ರೆಜಿಂಗ್ ಜಗಳಗಳು ಯಂತ್ರ ಕೆಟ್ಟದ್ದಕ್ಕಿಂತ ಅಳತೆ ಒಪ್ಪದ್ದರಿಂದಲೇ ಹುಟ್ಟುವುದು ಹೆಚ್ಚು ಎಂದರೆ ಯಾರೂ ಅಚ್ಚರಿಪಡಬೇಕಿಲ್ಲ.

ತಳದಲ್ಲಿ ಮರಳೋ ಬಂಡೆಯೋ ಇದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಕೆಸರಿನಲ್ಲಿ ಮುಗಿಯುವುದಿಲ್ಲ. ಹೊಸದಾಗಿ ಕೂತ ಕೆಸರಿನ ಮೇಲ್ಪದರ ಹೆಚ್ಚುಕಡಿಮೆ ನೀರುದೋಸೆಯ ಹಿಟ್ಟಿನ ಹದದಲ್ಲಿರುತ್ತದೆ. ಕೆಳಕ್ಕೆ ಹೋದಂತೆ ದಪ್ಪವಾಗುತ್ತ, ಎಲ್ಲೋ ಒಂದು ಕಡೆ ನಿಜವಾದ ಮಣ್ಣಾಗುತ್ತದೆ. ನಡುವೆ ಗೆರೆ ಎಂಬುದೇ ಇಲ್ಲ. ಸರ್ವೆ ದೋಣಿಗಳಲ್ಲಿ ಎರಡು ಕಂಪನಾಂಕದ ಉಪಕರಣ ಇಟ್ಟುಕೊಳ್ಳುವುದು ಇದಕ್ಕೇ. 210 ಕಿಲೋಹರ್ಟ್ಸ್ ಶಬ್ದ ಕೆಸರಿನ ಮೇಲ್ಮೈಗೇ ಬಡಿದು ವಾಪಸಾಗುತ್ತದೆ. 33 ಕಿಲೋಹರ್ಟ್ಸ್ ಶಬ್ದ ತೆಳು ಕೆಸರನ್ನು ತೂರಿ ಗಟ್ಟಿ ಪದರಕ್ಕೆ ತಾಗುತ್ತದೆ. ಪರದೆಯ ಮೇಲೆ ಎರಡು ತಳ ಮೂಡುತ್ತವೆ. ನಡುವಿನ ಅಂತರ ಒಮ್ಮೊಮ್ಮೆ ಮೀಟರಿಗೂ ಹೆಚ್ಚು. ಯಾವುದನ್ನು ನಂಬುವುದು?

ಈ ತೆಳು ಕೆಸರಿನಲ್ಲಿ ಮಣ್ಣು ಎಷ್ಟಿದೆ ಎಂದು ನೋಡೋಣ. ಕಡಲ ನೀರಿನ ಸಾಂದ್ರತೆ ಘನ ಮೀಟರಿಗೆ 1.025 ಟನ್, ಮಣ್ಣಿನ ಕಣದ್ದು 2.65 ಟನ್. ಕೆಸರು 1.2 ಟನ್ ತೂಗಿದರೆ ಅದರಲ್ಲಿ ಕಣಗಳು ಗಾತ್ರದಲ್ಲಿ ನೂರಕ್ಕೆ ಹನ್ನೊಂದರಷ್ಟು ಮಾತ್ರ. ಉಳಿದದ್ದೆಲ್ಲ ನೀರು. ತಳಕ್ಕೆ ಕೊಳವೆ ಇಳಿಬಿಟ್ಟು ಸಾಗುತ್ತಲೇ ಹೂಳು ಹೀರಿಕೊಳ್ಳುವ ಹಾಪರ್ ಡ್ರೆಜರ್ ತನ್ನ 5,000 ಘನ ಮೀಟರ್ ಹೊಟ್ಟೆಯನ್ನು ಇಂಥ ಕೆಸರಿನಿಂದ ತುಂಬಿಕೊಂಡರೆ, ಡೀಸೆಲ್ ಸುಟ್ಟು ಹೊತ್ತೊಯ್ಯುವ ನಿಜವಾದ ಮಣ್ಣು 540 ಘನ ಮೀಟರ್. ಮರಳಾದರೆ ಉಪಾಯವಿದೆ. 0.2 ಮಿಲಿಮೀಟರಿನ ಮರಳು ಕಣ ಒಂದು ಮೀಟರ್ ಮುಳುಗಲು ಒಂದು ನಿಮಿಷವೂ ಬೇಡ. ಹಾಪರ್ ತುಂಬಿದ ಮೇಲೂ ಹೀರುತ್ತಲೇ ಇದ್ದರೆ ಮರಳು ಕೂತು ಮೇಲಿನ ನೀರು ಹೊರಚೆಲ್ಲುತ್ತದೆ. ಜೇಡಿಯ ಕಣಕ್ಕೆ ಈ ಆಟ ನಡೆಯದು. ಮುಳುಗುವ ವೇಗ ಕಣದ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆಂದು ಸ್ಟೋಕ್ಸ್ ನಿಯಮ ಹೇಳುತ್ತದೆ. 0.002 ಮಿಲಿಮೀಟರಿನ ಒಂಟಿ ಕಣ ಒಂದು ಮೀಟರ್ ಇಳಿಯಲು ಮೂರು ದಿನ ತೆಗೆದುಕೊಳ್ಳುತ್ತದೆ. ಹೊರಚೆಲ್ಲಿದ ನೀರಿನೊಂದಿಗೆ ಅದೂ ಕಡಲಿಗೆ ವಾಪಸು.

ಹಾಗಿದ್ದರೆ ಅದು ಕಾಲುವೆಯ ತಳದಲ್ಲಿ ಕೂರುವುದಾದರೂ ಹೇಗೆ? ಉಪ್ಪಿನಿಂದ. ಜೇಡಿ ಕಣಗಳಿಗೆ ಋಣ ವಿದ್ಯುದಂಶವಿರುವುದರಿಂದ ಸಿಹಿನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತವೆ. ಕಡಲಿನ ಲವಣಗಳು ಆ ತಳ್ಳಾಟವನ್ನು ಅಡಗಿಸುತ್ತವೆ. ಕಣಗಳು ಅಂಟಿಕೊಂಡು ಹಿಂಜಲು ಹಿಂಜಲಾಗಿ, ಒಂಟಿ ಕಣಕ್ಕಿಂತ ಎಷ್ಟೋ ಬೇಗ ಇಳಿಯುತ್ತವೆ. ನದಿ ಘಟ್ಟದಿಂದ ಹೊತ್ತು ತಂದ ಮಣ್ಣು ಅಳಿವೆಯ ಸುತ್ತಮುತ್ತಲೇ ಬೀಳುವುದು, ಬಂದರುಗಳು ಅಲ್ಲೇ ಹೂಳಿನ ಕಾಟ ಅನುಭವಿಸುವುದು, ಎರಡಕ್ಕೂ ಇದು ಒಂದು ಮುಖ್ಯ ಕಾರಣ.

ಎರಡು ತಳಗಳ ಗೊಂದಲಕ್ಕೆ ಒಂದು ಉತ್ತರ ಬಂದದ್ದು ಹಾಲೆಂಡಿನ ರಾಟರ್‌ಡ್ಯಾಮ್‌ನಿಂದ. 1970ರ ದಶಕದಲ್ಲಿ ಅಲ್ಲಿಯೂ ಬಿರುಗಾಳಿ ಬೀಸಿಹೋದ ಮೇಲೆ ತೆಳು ಕೆಸರು ಬಂದು ತುಂಬುತ್ತಿತ್ತು. ಎಂಜಿನಿಯರುಗಳು ಪ್ರಶ್ನೆಯನ್ನೇ ತಿರುಗಿಸಿದರು: ಹಡಗಿಗೆ ಏನು ಅಡ್ಡಿಯಾಗುತ್ತದೋ ಅದೇ ತಳ. ತೆಳು ಕೆಸರಿನಲ್ಲಿ ಹಡಗಿನ ಅಡಿ ಸಾಗಿದರೆ ಹಾನಿಯಿಲ್ಲವೆಂದು ಪ್ರಯೋಗ ಮಾಡಿಯೇ ನೋಡಿದರು. ಕೊನೆಗೆ ಸಾಂದ್ರತೆ ಘನ ಮೀಟರಿಗೆ 1.2 ಟನ್ ಆಗುವ ಮಟ್ಟವನ್ನು ತಳವೆಂದು ಗೊತ್ತುಮಾಡಿದರು. ಅದನ್ನು ಅಳೆಯಲು ಗಾಮಾ ಕಿರಣದ ಶೋಧಕವನ್ನೋ ಕಂಪಿಸುವ ಕವೆಯನ್ನೋ ಕೆಸರಿಗೆ ಇಳಿಸುತ್ತಾರೆ. ನನ್ನ ಮಟ್ಟಿಗೆ ಇದು ಯಾವ ದೈತ್ಯ ಡ್ರೆಜರ್‌ಗೂ ಕಡಿಮೆಯಿಲ್ಲದ ಆವಿಷ್ಕಾರ. ಒಂದು ಬಕೆಟ್ ಕೆಸರನ್ನೂ ಎತ್ತದೆ ಬಂದರನ್ನು ಆಳ ಮಾಡಿತು. ಆದರೂ ಪುಕ್ಕಟೆಯೇನಲ್ಲ. ನೀರು, ಕೆಸರು ಸೇರುವ ಗಡಿಯಲ್ಲಿ ಕಣ್ಣಿಗೆ ಕಾಣದ ಅಲೆಗಳೆದ್ದು ಹಡಗಿನ ವೇಗ ಕುಗ್ಗುತ್ತದೆ, ಚುಕ್ಕಾಣಿಯ ಹಿಡಿತ ಬದಲಾಗುತ್ತದೆ. ಜತೆಗೆ, 1.2 ಎಂಬ ಸಂಖ್ಯೆ ಎಲ್ಲ ಊರಿಗೂ ಹೊಂದುವುದಿಲ್ಲ. ಒಂದೇ ಸಾಂದ್ರತೆಯ ಎರಡು ಕೆಸರುಗಳಲ್ಲಿ ಒಂದು ಹರಿಯಬಹುದು, ಇನ್ನೊಂದು ಅಂಟಾಗಿ ಹಿಡಿದುಕೊಳ್ಳಬಹುದು.

ಇದೇ ಕೆಸರಿಗೆ ಇನ್ನೊಂದು ಮುಖವೂ ಇದೆ. ಮಳೆಗಾಲದಲ್ಲಿ ಕೇರಳದ ಆಲಪ್ಪುಳದ ಕಡೆ ದಡದ ಹತ್ತಿರ ಕೆಸರಿನ ದಿಬ್ಬಗಳು ಮೂಡುತ್ತವೆ. ಅಲ್ಲಿನವರು ಚಾಕರ ಎನ್ನುತ್ತಾರೆ. ಅಲೆಯ ಶಕ್ತಿಯನ್ನು ಆ ಮೆತ್ತನೆಯ ಕೆಸರು ಹೀರಿಕೊಳ್ಳುತ್ತದೆ. ಸುತ್ತಲೂ ಕಡಲು ಭೋರ್ಗರೆಯುತ್ತಿದ್ದರೂ ಅಷ್ಟು ಜಾಗ ಶಾಂತವಾಗಿದ್ದು ಮೀನುಗಾರರ ದೋಣಿ ಇಳಿಯುತ್ತದೆ. ಬಂದರಿನ ಎಂಜಿನಿಯರ್ ಶಪಿಸುವ ವಸ್ತು ಅಲ್ಲಿ ಹಬ್ಬ.

ಕೊನೆಗೆ ಎತ್ತಿದ ಹೂಳನ್ನು ಹಾಕುವುದೆಲ್ಲಿ? ಕೊಚ್ಚಿಯಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಹಿನ್ನೀರಿನಿಂದ ಎತ್ತಿದ್ದನ್ನು ಹಾಕಿಯೇ ವಿಲಿಂಗ್ಡನ್ ದ್ವೀಪವನ್ನು ನಿರ್ಮಿಸಿದ. ತೆಳು ಕೆಸರಿನಿಂದ ದ್ವೀಪ ಕಟ್ಟಲಾಗದು. ಅದು ಕಡಲಿಗೇ ಹೋಗಬೇಕು. ಎಲ್ಲಿ ಸುರಿದರೆ ಮತ್ತೆ ಕಾಲುವೆಗೆ ಬರುವುದಿಲ್ಲ ಎಂದು ತಿಳಿಯಲು ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಭಾರತದ ಹಲವು ಬಂದರುಗಳಲ್ಲಿ ಒಂದು ಜಾಣ ವಿಧಾನ ಬಳಸಿದ್ದಾರೆ. ಹೂಳಿನ ಕಣದಷ್ಟೇ ನುಣ್ಣಗೆ ಅರೆದ ಗಾಜಿನ ಪುಡಿಗೆ ವಿಕಿರಣಶೀಲ ಸ್ಕ್ಯಾಂಡಿಯಂ-46 ಸೇರಿಸಿ ತಳಕ್ಕೆ ಬಿಡುವುದು, ಆಮೇಲೆ ಶೋಧಕವನ್ನು ತಳದ ಮೇಲೆ ಎಳೆಯುತ್ತ ಪುಡಿ ಯಾವ ದಿಕ್ಕಿಗೆ, ಎಷ್ಟು ದೂರ ಸರಿದಿದೆ ಎಂದು ಗುರುತಿಸುವುದು. ಸ್ಕ್ಯಾಂಡಿಯಂ-46ರ ಅರ್ಧಾಯು ಸುಮಾರು 84 ದಿನ. ಕೆಲವು ತಿಂಗಳು ಜಾಡು ಹಿಡಿಯಲು ಸಾಕು, ಬಳಿಕ ತಾನೇ ಕ್ಷೀಣಿಸುತ್ತದೆ. ಹಾಗೆ ಸಿಕ್ಕ ನಕ್ಷೆಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಾರೆ: ಸುರಿಯುವ ಜಾಗ ಒಂದು ಕಿಲೋಮೀಟರ್ ದೂರವಾದರೆ ಪ್ರತಿ ಸುತ್ತಿಗೆ ಎರಡು ಕಿಲೋಮೀಟರ್ ಹೆಚ್ಚಿನ ಓಡಾಟ, ಅಷ್ಟು ಡೀಸೆಲ್, ದಿನಕ್ಕೆ ಅಷ್ಟು ಕಡಿಮೆ ಲೋಡು, ಹತ್ತಿರವಾದರೆ ಅದೇ ಹೂಳನ್ನು ಮರು ವರ್ಷ ಮತ್ತೊಮ್ಮೆ ಹಣ ಕೊಟ್ಟು ಎತ್ತಿಸಬೇಕು.