ಅಳಿಯನ ಜಾಮೀನು, ಮಾವನ ಆಸ್ತಿ

ಮಗಳನ್ನು ಅಮೆರಿಕದ ಪೌರನಿಗೆ ವಿವಾಹ ಮಾಡಿಕೊಟ್ಟ ವರ್ತಕ ಕುಟುಂಬಗಳು ರಾಜ್ಯದಲ್ಲಿ ಕಡಿಮೆಯೇನಿಲ್ಲ. ಆದರೆ ವಿವಾಹವಾದ ಮಾತ್ರಕ್ಕೆ ವಧುವಿಗೆ ಆ ದೇಶದಲ್ಲಿ ನೆಲೆಸುವ ಹಕ್ಕು ಲಭಿಸುವುದಿಲ್ಲ. ಪತಿಯು ಮೊದಲಿಗೆ ಐ-130 ಅರ್ಜಿ ಸಲ್ಲಿಸಿ, ವಿವಾಹವು ನೈಜವೆಂದು ದಾಖಲೆಗಳಿಂದ ತೋರಿಸಬೇಕು. ಪೌರರ ಪತ್ನಿಯರಿಗೆ ವಾರ್ಷಿಕ ಸಂಖ್ಯಾಮಿತಿ ಇಲ್ಲದಿರುವುದು ಒಂದು ಅನುಕೂಲ. ನಂತರ ಸಲ್ಲಿಸಬೇಕಾದ ಐ-864 ಎಂಬ ಪೋಷಣಾ ಪ್ರಮಾಣಪತ್ರವನ್ನು ಹಲವರು ಕೇವಲ ಔಪಚಾರಿಕವೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದೊಂದು ಜಾಮೀನು ಪತ್ರ.

ಪತಿಯ ಆದಾಯವು ಅಮೆರಿಕ ಸರ್ಕಾರದ ಬಡತನ ಮಾನದಂಡದ ಶೇ. 125ಕ್ಕಿಂತ ಕಡಿಮೆಯಿರಬಾರದೆಂಬುದು ಸಾಮಾನ್ಯ ನಿಯಮ. 2025ರ ಪಟ್ಟಿಯಂತೆ, ಅಲಾಸ್ಕ ಮತ್ತು ಹವಾಯಿ ಹೊರತುಪಡಿಸಿ, ಇಬ್ಬರ ಕುಟುಂಬಕ್ಕೆ ಈ ಮೊತ್ತ 26,437 ಡಾಲರ್. ಆದಾಯ ಸಾಲದಿದ್ದಲ್ಲಿ ಜಂಟಿ ಜಾಮೀನುದಾರರನ್ನು ಒದಗಿಸಬಹುದು. ಆದರೆ ಅವರು ಅಮೆರಿಕದಲ್ಲಿ ನೆಲೆಸಿರುವ ಪೌರರು ಅಥವಾ ಕಾಯಂ ನಿವಾಸಿಗಳಾಗಿರಬೇಕು. ಎಷ್ಟೇ ದೊಡ್ಡ ಗಿರಣಿಯ ಒಡೆಯರಾದರೂ ಹುಬ್ಬಳ್ಳಿಯಲ್ಲಿರುವ ಮಾವನವರು ಈ ಸ್ಥಾನಕ್ಕೆ ಅರ್ಹರಲ್ಲ.

ಆದರೆ ವಧುವಿನ ಸ್ವಂತ ಹೆಸರಿನಲ್ಲಿರುವ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯಲು ಅವಕಾಶವಿದೆ. ಪೌರರ ಪತ್ನಿಯ ವಿಷಯದಲ್ಲಿ ಕೊರತೆಯ ಮೂರು ಪಟ್ಟು ಆಸ್ತಿ ತೋರಿಸಬೇಕು. ಉದಾಹರಣೆಗೆ, ಪತಿಯ ಆದಾಯ 20,437 ಡಾಲರ್ ಇದ್ದರೆ ಕೊರತೆ 6,000. ತೋರಿಸಬೇಕಾದ ಆಸ್ತಿ 18,000 ಡಾಲರ್. ಸಾಲ ಕಳೆದು ಉಳಿಯುವ ಮೌಲ್ಯವಷ್ಟೇ ಪರಿಗಣನೆಗೆ ಬರುತ್ತದೆ. ಅದು ಒಂದು ವರ್ಷದೊಳಗೆ ನಗದಾಗುವಂತಿರಬೇಕು. ದೇಶದಿಂದ ಹೊರಗೆ ಒಯ್ಯಲು ಸಾಧ್ಯವಿರಬೇಕು. ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ಅವಕಾಶವಿರುವುದರಿಂದ, ಮಗಳ ಬ್ಯಾಂಕ್ ಠೇವಣಿಯನ್ನು ಸಮರ್ಥಿಸುವುದು ಸುಲಭ. ವಿಭಾಗವಾಗದ ಕುಟುಂಬದ ಆಸ್ತಿಯಲ್ಲಿನ ಪಾಲಿಗೆ ಈ ಮಾತು ಅನ್ವಯಿಸುವುದು ಕಷ್ಟ. ತಂದೆ ಕೊಡುವ ಹಣ ದಾನಪತ್ರ ಸಹಿತ ಬ್ಯಾಂಕಿನ ಮೂಲಕವೇ ಸಂದಾಯವಾಗುವುದು ಕ್ಷೇಮ.

ಎಲ್ಲಕ್ಕಿಂತ ಮುಖ್ಯವಾದುದು ಈ ಜಾಮೀನಿನ ಅವಧಿ. ವಿಚ್ಛೇದನದಿಂದಲೂ ಅದು ಮುಗಿಯುವುದಿಲ್ಲ. ಪತ್ನಿಯು ಪೌರತ್ವ ಪಡೆಯುವವರೆಗೆ, ಸುಮಾರು ಹತ್ತು ವರ್ಷದ ದುಡಿಮೆಗೆ ಸಮನಾದ 40 ತ್ರೈಮಾಸಿಕಗಳು ಆಕೆಯ ಖಾತೆಗೆ ಜಮೆಯಾಗುವವರೆಗೆ, ಕಾಯಂ ನಿವಾಸ ತೊರೆದು ದೇಶ ಬಿಡುವವರೆಗೆ ಅಥವಾ ಇಬ್ಬರಲ್ಲೊಬ್ಬರು ಮೃತರಾಗುವವರೆಗೆ ಹೊಣೆ ಉಳಿಯುತ್ತದೆ. ಪತಿ ಕೈಬಿಟ್ಟರೆ, ಪೋಷಣೆಗಾಗಿ ಆಕೆ ಇದೇ ಪತ್ರದ ಆಧಾರದ ಮೇಲೆ ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಆದ್ದರಿಂದ ಸಹಿಯಾದ ಐ-864ರ ಒಂದು ಪ್ರತಿ ಮಗಳ ಬಳಿಯೂ ಇರಬೇಕು. ಅಲ್ಲಿರುವ ಬಂಧುಗಳನ್ನು ಜಂಟಿ ಜಾಮೀನಿಗೆ ಕೇಳುವವರು, ಅವರ ಮೇಲೂ ಇದೇ ಹೊಣೆ ಬೀಳುವುದೆಂದು ಮೊದಲೇ ತಿಳಿಸುವುದು ನ್ಯಾಯ.